ಎಣ್ಣೆ ಹಚ್ಚುವ ಮುನ್ನ ಹವೆ ನೋಡಿ: ಮುಂಬಯಿ, ಪುಣೆ, ಗೋವಾದಲ್ಲಿ ಕೂದಲು–ಚರ್ಮದ ಆರೈಕೆ

ಎಣ್ಣೆಯಲ್ಲಿ ನೀರಿಲ್ಲ. ಒಣಗಿದ ಚರ್ಮಕ್ಕೆ ಎಷ್ಟು ಸವರಿದರೂ ಅದು ತೇವ ಕೊಡುವುದಿಲ್ಲ. ಇರುವ ತೇವ ಆರಿಹೋಗದಂತೆ ಮುಚ್ಚಳ ಹಾಕುತ್ತದೆ, ಅಷ್ಟೇ. ಊರಲ್ಲಿ ಅಜ್ಜಿ ಹಚ್ಚುತ್ತಿದ್ದ ಲೆಕ್ಕ ಇಲ್ಲಿಗೆ ಹಾಗೇ ಹೊಂದದಿರುವುದು ಇದಕ್ಕೇ. ಜುಲೈ ತಿಂಗಳ ಮುಂಬಯಿಯಲ್ಲಿ ಗಾಳಿಯೇ ಒದ್ದೆ. ಡಿಸೆಂಬರಿನ ಪುಣೆಯಲ್ಲಿ ತುಟಿ ಒಡೆಯುವಷ್ಟು ಒಣಹವೆ.

ಮೊದಲು ತಲೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲ ಕೂದಲಿನ ಎಳೆಯೊಳಗೆ ಇಳಿಯುತ್ತದೆ. ತೊಳೆಯುವಾಗ ಎಳೆ ನೀರು ಕುಡಿದು ಉಬ್ಬುವುದು, ಅದರ ಪ್ರೋಟೀನ್ ಸೋರುವುದು ಇದರಿಂದ ಕಡಿಮೆಯಾಗುತ್ತದೆ. ಹಾಗಾಗಿ ಸ್ನಾನದ ಮೊದಲು ಹಚ್ಚಿದರೇ ಲಾಭ. ಭುಜದವರೆಗಿನ ಕೂದಲಿಗೆ ಎರಡು ಟೀ ಚಮಚ, ಸೊಂಟದವರೆಗಿದ್ದರೆ ನಾಲ್ಕು. ಅಲ್ಲಲ್ಲಿ ಬೈತಲೆ ತೆಗೆದು ಬೆರಳ ತುದಿಯಿಂದ ತಿಕ್ಕಿ, ಉಗುರು ತಾಗಬಾರದು. ಕೈಯಲ್ಲಿ ಉಳಿದದ್ದು ಕೂದಲ ತುದಿಗೆ. ಮುಕ್ಕಾಲು ಗಂಟೆ ಸಾಕು. ಮಳೆಗಾಲದಲ್ಲಿ ರಾತ್ರಿಯಿಡೀ ಬಿಡಬೇಡಿ. ತಲೆಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ಬೆವರಿದ ನೆತ್ತಿ ಅದಕ್ಕೆ ಹಬ್ಬ. ಹೊಟ್ಟು ಕಂಡ ಕೂಡಲೇ ‘ತಲೆ ಒಣಗಿದೆ’ ಎಂದು ಇನ್ನಷ್ಟು ಎಣ್ಣೆ ಸುರಿಯುವವರೇ ಜಾಸ್ತಿ. ಎಣ್ಣೆತಲೆಯಲ್ಲೇ ಲೋಕಲ್ ರೈಲು ಹತ್ತಿದರೆ ದಾರಿಯ ದೂಳೆಲ್ಲ ನಿಮ್ಮದೇ.

ತೊಳೆಯುವಾಗ ನೀರು ಸುರಿಯುವ ಮೊದಲೇ ಶಾಂಪೂ ತಿಕ್ಕಿ, ಆಮೇಲೆ ತಲೆ ಒದ್ದೆ ಮಾಡಿ. ಜಿಡ್ಡು ಒಂದೇ ಸಲಕ್ಕೆ ಬಿಡುತ್ತದೆ. ಟ್ಯಾಂಕರಿನ ಗಡಸು ನೀರು ಬರುವ ಸೊಸೈಟಿಗಳಲ್ಲಿ ತಲೆಗೆ ಸಾಬೂನು ಬೇಡವೇ ಬೇಡ: ನೀರಿನ ಸುಣ್ಣದ ಅಂಶದ ಜೊತೆ ಸೇರಿ ಅಂಟಾಗಿ ಕೂದಲಲ್ಲೇ ಕೂರುತ್ತದೆ.

ಹರಳೆಣ್ಣೆ, ಬಯಲುಸೀಮೆಯವರ ಔಡಲೆಣ್ಣೆ, ಇಲ್ಲಿನ ಅಂಗಡಿಯಲ್ಲಿ ‘ಎರಂಡೇಲ್’. ಅದನ್ನು ಬರಿದಾಗಿ ಹಚ್ಚಬೇಡಿ. ತೀರಾ ಮಂದವಾದ್ದರಿಂದ ಉದ್ದ ಕೂದಲು ಬಿಡಿಸಲಾಗದಂತೆ ಸಿಕ್ಕುಗಟ್ಟಬಹುದು. ಒಂದು ಪಾಲಿಗೆ ಮೂರು ಪಾಲು ಕೊಬ್ಬರಿ ಎಣ್ಣೆ ಬೆರೆಸಿ.

ಗರುಗದ (ಭೃಂಗರಾಜದ) ಎಣ್ಣೆ ಮನೆಯಲ್ಲೇ ಕಾಯಿಸುವುದಾದರೆ ಮಾರುಕಟ್ಟೆಯಲ್ಲಿ ‘ಮಾಕಾ’ ಎಂದು ಕೇಳಿ. ಗರುಗ ಎಂದರೆ ಯಾರಿಗೂ ಗೊತ್ತಾಗದು. ದಾಸವಾಳ ‘ಜಾಸ್ವಂದ’, ಕರಿಬೇವು ‘ಕಢೀಪತ್ತಾ’. ಆಯುರ್ವೇದದ ಸಾಮಾನ್ಯ ಅಳತೆ ಕಲ್ಕ (ಅರೆದ ಮುದ್ದೆ) ಒಂದು, ಎಣ್ಣೆ ನಾಲ್ಕು, ದ್ರವ ಹದಿನಾರು ಪಾಲು. ಫ್ಲ್ಯಾಟಿನ ಒಲೆಗೆ ಅದು ಅತಿಯಾಯಿತು. ಅರ್ಧ ಲೀಟರ್ ಕೊಬ್ಬರಿ ಎಣ್ಣೆಗೆ 250 ಮಿಲಿ ಗರುಗದ ರಸ, ಒಂದು ಹಿಡಿ ಕರಿಬೇವು, ಹತ್ತು ದಾಸವಾಳದ ಎಲೆ ಸಾಕು. ಸೊಪ್ಪು ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಕರಿಬೇವು, ದಾಸವಾಳದ ಎಲೆ ನುಣ್ಣಗೆ ಅರೆಯಿರಿ. ಎಣ್ಣೆ ನೊರೆಯೇಳುವುದರಿಂದ ದಪ್ಪ ತಳದ ಪಾತ್ರೆ ಅರ್ಧವಾದರೂ ಖಾಲಿ ಇರಬೇಕು. ಎಲ್ಲ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿ ಒಂದು–ಒಂದೂವರೆ ಗಂಟೆ ಕೈಯಾಡಿಸುತ್ತಾ ಕಾಯಿಸಿ.

ಹದ ಕಿವಿಗೆ ಗೊತ್ತಾಗುತ್ತದೆ. ನೀರಿರುವವರೆಗೂ ತಳದಲ್ಲಿ ಗುಳುಗುಳು ಸದ್ದು. ಅದು ಇಳಿದ ಮೇಲೆ ಚಮಚದಲ್ಲಿ ಒಂದಿಷ್ಟು ಚರಟ ತೆಗೆದು, ಬಿಸಿ ಆರಿದ ಮೇಲೆ ಬೆರಳುಗಳ ನಡುವೆ ಹೊಸೆಯಿರಿ. ಬತ್ತಿಯಂತೆ ಸುತ್ತಿಕೊಳ್ಳಬೇಕು. ಆ ಬತ್ತಿಯನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿ: ಚಟಪಟ ಎಂದರೆ ನೀರು ಇನ್ನೂ ಇದೆ, ಸದ್ದಿಲ್ಲದೆ ಉರಿದರೆ ಹದ ಬಂದಿದೆ. ಚರಟ ಗರಿಗರಿಯಾಗಿ ಪುಡಿಯಾದರೆ ಎಣ್ಣೆ ಸೀದುಹೋಯಿತು. ಒಣಬಟ್ಟೆಯಲ್ಲಿ ಸೋಸಿ, ತಣ್ಣಗಾದ ಮೇಲೆ ಗಾಜಿನ ಬಾಟಲಿಗೆ ತುಂಬಿ. ನೀರಿನಂಶ ಉಳಿದಿದ್ದರೆ ತಳದಲ್ಲಿ ಬೂಸಲು ಕಾಣುತ್ತದೆ; ಅದನ್ನು ಮತ್ತೆ ಕಾಯಿಸಿ ಉಳಿಸಲು ಹೋಗಬೇಡಿ, ಚೆಲ್ಲಿ.

ಪುಣೆಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಸುಮಾರು 24 ಡಿಗ್ರಿಯ ಕೆಳಗೆ ಅದರ ಗುಣವೇ ಹಾಗೆ. ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟರಾಯಿತು. ಹೆಪ್ಪುಗಟ್ಟಿದ್ದೆಲ್ಲ ಶುದ್ಧ ಎಂದು ಮಾತ್ರ ನಂಬಬೇಡಿ, ತಾಳೆಬೀಜದ ಎಣ್ಣೆಯೂ ಹೆಪ್ಪುಗಟ್ಟುತ್ತದೆ.

ಮೈಗೆ ಎಳ್ಳೆಣ್ಣೆ ಅಥವಾ ಕುಸುಬಿ ಎಣ್ಣೆ (ಇಲ್ಲಿ ‘ಕರಡೀ ತೇಲ್’) ಒಳ್ಳೆಯದು. ಸ್ನಾನ ಮುಗಿಸಿ ಟವೆಲಿನಿಂದ ಒತ್ತಿ ಒರೆಸಿ. ಮೈ ಇನ್ನೂ ಹಸಿಯಾಗಿರುವಾಗಲೇ ಕೈಕಾಲಿಗೆಲ್ಲ ಸೇರಿ ಒಂದು ಟೀ ಚಮಚ. ಒಣಗಿದ ಮೇಲೆ ಹಚ್ಚಿದರೆ ಬರೀ ಜಿಡ್ಡು. ಮೊಡವೆಯ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಮುಚ್ಚುತ್ತದೆ. ಹಸುಗೂಸಿಗೆ ಸಾಸಿವೆ ಎಣ್ಣೆಯೂ ಬೇಡ. ಯಾವ ಹೊಸ ಎಣ್ಣೆಯಾದರೂ ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ.

ಒಡೆದ ಹಿಮ್ಮಡಿಗೆ ಕೊಂಕಣ–ಗೋವಾದ ಮದ್ದನ್ನು ಮೀರಿಸುವುದು ಕಷ್ಟ: ಮುರುಗಲ ತುಪ್ಪ, ಅಂದರೆ ಭಿರಂಡದ ಬೀಜದಿಂದ ತೆಗೆದ ಕೋಕಂ ಬೆಣ್ಣೆ. ಮೊಟ್ಟೆಯಂಥ ಗಟ್ಟಿ ಉಂಡೆಯಾಗಿ ಸಿಗುತ್ತದೆ. ಮೈಯ ಬಿಸಿಗೂ ಪೂರ್ತಿ ಕರಗದು. ಕಾಲನ್ನು ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿಟ್ಟು ಒರೆಸಿ. ಉಂಡೆಯಿಂದ ಒಂದು ಚಮಚದಷ್ಟು ತುರಿದು ಕರಗಿಸಿ, ಬಿಸಿ ಆರಿದ ಮೇಲೆ ಬಿರುಕಿನೊಳಗೆ ಇಳಿಸಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ರಕ್ತ ಬರುವ ಬಿರುಕಾದರೆ, ಸಕ್ಕರೆ ಕಾಯಿಲೆ ಇದ್ದರೆ, ಮೊದಲು ಡಾಕ್ಟರಿಗೆ ತೋರಿಸಿ.

ಲಾಕ್ಡೀ ಘಾಣಾ, ಅಂದರೆ ಮರದ ಗಾಣದ ಎಣ್ಣೆ ತಂದರೆ ಎರಡು ಮೂರು ತಿಂಗಳಿಗೆ ಆಗುವಷ್ಟೇ ತನ್ನಿ. ಕುಸುಬಿ ಎಣ್ಣೆ ಬೆಳಕಿಗೆ, ಸೆಕೆಗೆ ಬೇಗ ಕಮಟುತ್ತದೆ. ಕಮಟು ಎಣ್ಣೆ ಮೈಗೆ ಬೇಡ, ಬಾಗಿಲ ಕೀಲಿಗೆ ಬಿಡಿ. ಎಣ್ಣೆಸ್ನಾನವಾದ ಮೇಲೆ ಬಚ್ಚಲ ಟೈಲ್ಸಿಗೆ ಸೋಪಿನ ಪುಡಿ ಹಾಕಿ ತಿಕ್ಕಿಯೇ ಹೊರಬನ್ನಿ, ಮುಂದಿನವರು ಜಾರುವ ಮೊದಲು.