ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಹೊಸ ಸಿಸ್ಟರ್‌ಗಳಿಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಕೀಮೋಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗುತ್ತಾರೆ. ತೊಂದರೆ ಶುರುವಾಗುವುದು ಮನೆಗೆ ಬಂದ ಮೇಲೆ, ಆಗ ಅವರು ಓಡಿ ಬರುವುದು ನಿಮ್ಮ ಹತ್ತಿರ. ಅದಕ್ಕೇ ಜ್ವರ ಅಂತ ಯಾರೇ ಬಂದರೂ ಕೀಮೋ ಆಗಿದೆಯಾ, ಕೊನೆಯದು ಯಾವಾಗ ಆಯ್ತು ಅಂತ ಮೊದಲು ಕೇಳಿ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ 100.4 ಡಿಗ್ರಿ ಜ್ವರವೂ ಎಮರ್ಜೆನ್ಸಿಯೇ. ಪ್ಯಾರಾಸಿಟಮಾಲ್ ಕೊಟ್ಟು ಸುಮ್ನೆ ಬೆಂಚಿನ ಮೇಲೆ ಕೂರಿಸಬೇಡಿ. ತಕ್ಷಣ ಡಾಕ್ಟರನ್ನು ಕರೆಯಿರಿ, ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಲೇಬೇಕು.

ನಿಮ್ಮಲ್ಲೇ ಕೀಮೋ ಕೊಡುತ್ತಿದ್ದರೆ, ಸೂಜಿಯ ಜಾಗ ಉರಿಯುತ್ತದೆ ಅಂದ ಕೂಡಲೇ ಡ್ರಿಪ್ ನಿಲ್ಲಿಸಿ. ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಮಾತ್ರ ಕೀಳಬೇಡಿ, ರಕ್ತನಾಳದಿಂದ ಹೊರಗೆ ಸೋರಿರಬಹುದಾದ ಔಷಧಿಯನ್ನು ಅದರಿಂದಲೇ ಎಳೆದು ತೆಗೆಯಬೇಕು.

ನಮ್ಮಲ್ಲಿ ಕವಳ (ಎಲೆ, ಅಡಿಕೆ, ತಂಬಾಕು) ಹಾಕುವವರು ಜಾಸ್ತಿ, ಬಾಯಿ ಕ್ಯಾನ್ಸರ್‌ನವರೂ ಬರುತ್ತಾರೆ. ಬಿಡಿ ಅಂತ ಹೇಳಿ, ಆದರೆ ಬೈಯಬೇಡಿ. ಅವರು ಆಗಲೇ ಮನೆಯವರಿಂದ ಸಾಕಷ್ಟು ಕೇಳಿಸಿಕೊಂಡಿರುತ್ತಾರೆ. ದಿನಾ ಟಾರ್ಚ್ ಹಿಡಿದು ಬಾಯಿ ನೋಡಿ: ನಾಲಿಗೆಯ ಅಡಿ, ಕೆನ್ನೆಯ ಒಳಗೆ, ಎಲ್ಲಾ. ಹುಣ್ಣಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಚಿಕ್ಕ ಚಮಚದಲ್ಲಿ ಒಂದೊಂದು ಉಪ್ಪು, ಅಡುಗೆ ಸೋಡಾ ಹಾಕಿ, ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲು ಹೇಳಿ. ಅಪ್ಪೆಹುಳಿ, ಖಾರದ ಮೀನುಸಾರು ಸದ್ಯಕ್ಕೆ ಬೇಡ. ಆರಿದ ಗಂಜಿ ಇಳಿಯುತ್ತದೆ.

ನೋವು ಹೇಗಿದೆ ಅಂದರೆ ನಮ್ಮ ಅಜ್ಜ-ಅಜ್ಜಿಯರು 'ಅಡ್ಡಿಲ್ಲ ಸಿಸ್ಟರ್' ಅಂದುಬಿಡುತ್ತಾರೆ. ಅಷ್ಟಕ್ಕೇ ಬಿಡಬೇಡಿ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿ, ರಾತ್ರಿ ನಿದ್ದೆ ಬಂತಾ, ಯಾವ ಮಗ್ಗುಲಿಗೆ ಮಲಗಲು ಆಗುತ್ತಿಲ್ಲ ಅಂತಲೂ ಕೇಳಿ, ಮಾತಿಗಿಂತ ಹುಬ್ಬು ಗಂಟಿಕ್ಕಿರುವುದೇ ಜಾಸ್ತಿ ಹೇಳುತ್ತದೆ. ಡಾಕ್ಟರು ಮಾರ್ಫಿನ್ (ಜೋರು ನೋವಿನ ಔಷಧಿ) ಬರೆದಿದ್ದರೆ ನೋವು ಬರಲಿ ಅಂತ ಕಾಯಬೇಡಿ. ಸಾದಾ ಮಾತ್ರೆಯಾದರೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆ ಗ್ಯಾರಂಟಿ, ಅದಕ್ಕೂ ಮೊದಲ ದಿನದಿಂದಲೇ ಔಷಧಿ ಬರೆಸಿಕೊಳ್ಳಿ. ಚಟ ಆಗುತ್ತೆ ಅಂತ ಮನೆಯವರು ಹೆದರಿ ಮಾತ್ರೆ ಬಚ್ಚಿಡುವುದುಂಟು, ಕೂರಿಸಿಕೊಂಡು ತಿಳಿಸಿ ಹೇಳಿ.

ಬಾಗಿಲ ಹೊರಗೆ ಮಗ ಬಂದು 'ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ' ಅನ್ನುತ್ತಾನೆ. ಅವನ ಮೇಲೆ ರೇಗಬೇಡಿ, ಸುಳ್ಳು ಹೇಳುತ್ತೇನೆ ಅಂತ ಒಪ್ಪಿಕೊಳ್ಳಲೂಬೇಡಿ. ಅಪ್ಪನೇ ಕೇಳಿದರೆ 'ನಿಮಗೆ ಏನನ್ನಿಸುತ್ತಿದೆ?' ಅಂತ ಕೇಳಿ, ಕೊಂಕಣಿಯವರಾದರೆ ಬಂದಷ್ಟು ಕೊಂಕಣಿಯಲ್ಲೇ ಕೇಳಿ, ಆಮೇಲೆ ಡಾಕ್ಟರನ್ನೂ ಮಗನನ್ನೂ ಒಟ್ಟಿಗೆ ಕೂರಿಸಿ.