ಪುಣೆಯ ಮೇ ಬಿಸಿಲಲ್ಲಿ ಮೈನಸ್ 40 ಡಿಗ್ರಿ! ಗಾಡಿಯ ಗಾಳಿ ಸೆನ್ಸರ್ ಕೆಟ್ಟಿದೆಯಾ, ನೀವೇ ನೋಡಿ

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಧನಕವಡಿಯ ನಮ್ಮ ಸೊಸೈಟಿ ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಮೊಬೈಲಿನ ಆ್ಯಪ್ ಮಾತ್ರ ಎಂಜಿನ್ನಿಗೆ ಹೋಗುವ ಗಾಳಿ ಮೈನಸ್ 40 ಡಿಗ್ರಿ ಅಂತ ತೋರಿಸುತ್ತಿತ್ತು. ಮಗಳು ಇಣುಕಿ ನೋಡಿ, "ಪಪ್ಪಾ, ಹಂಗಾದ್ರ ನಮಗ ಎಸಿ ಯಾಕ ಬೇಕು?" ಅಂದಳು.

ಅದಕ್ಕೂ ಹದಿನೈದು ದಿನ ಮೊದಲು ಇದೇ ತೊಂದರೆಗೆ ಒಂದು ಗ್ಯಾರೇಜಿನಲ್ಲಿ ಹೊಸ ಸೆನ್ಸರ್ ಹಾಕಿಸಿದ್ದೆ. ಸ್ಕ್ಯಾನರ್ ಹಚ್ಚಿದರು, ದೋಷದ ಕೋಡ್ ಬಂತು, ಸೆನ್ಸರ್ ಬದಲಿಸಿದರು, ಬಿಲ್ ಕೊಟ್ಟರು. ಮೂರನೇ ದಿನ ಚೆಕ್ ಎಂಜಿನ್ ಲೈಟ್ ಮತ್ತೆ ಹಾಜರ್. ಕೊನೆಗೆ ಅದನ್ನು ಸರಿಮಾಡಿದ್ದು ಇಂಡಿ ಕಡೆಯ ಒಬ್ಬ ಮಿಸ್ತ್ರಿ. ಅವರು ಅಂದದ್ದು ಇಷ್ಟೇ: "ಸರ, ಕೋಡ್ ಓಣಿ ತೋರಸ್ತದ, ಮನಿ ತೋರಸಂಗಿಲ್ಲ." ಆ ಓಣಿಯಲ್ಲಿ ಮನೆ ಹುಡುಕುವುದು ಹೇಗೆ ಅನ್ನುವುದೇ ಈ ಲೇಖನ. ಬೇಕಾಗುವುದು ಒಂದು ಮಲ್ಟಿಮೀಟರ್, ಬ್ಲೂಟೂತ್ ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಹೇಳುವುದನ್ನು ಮೊಬೈಲಿನ ಆ್ಯಪ್‌ಗೆ ಕಳಿಸುವ ಪುಟ್ಟ ಸಾಧನ), ಮತ್ತೆ ಸ್ವಲ್ಪ ತಾಳ್ಮೆ.

ಮೊದಲು ಈ ಸೆನ್ಸರ್ ಮಾಡುವ ಕೆಲಸ ಏನು ಅಂತ ನೋಡೋಣ. ತಣ್ಣಗಿನ ಗಾಳಿ ದಟ್ಟ, ಬಿಸಿ ಗಾಳಿ ತೆಳು. ದಟ್ಟ ಗಾಳಿ ಒಳಗೆ ಬಂದರೆ ಪೆಟ್ರೋಲ್ ಜಾಸ್ತಿ ಬೇಕು. ಆ ಲೆಕ್ಕಕ್ಕೆ ಇಸಿಯುಗೆ, ಅಂದರೆ ಗಾಡಿಯ ಕಂಪ್ಯೂಟರಿಗೆ, ಗಾಳಿ ಎಷ್ಟು ಬಿಸಿ ಇದೆ ಅಂತ ಗೊತ್ತಿರಬೇಕು. ಹೇಳುವುದು ಇಂಟೇಕ್ ಏರ್ ಟೆಂಪರೇಚರ್ ಸೆನ್ಸರ್. ಒಳಗಿರುವುದು ಒಂದು ಪುಟ್ಟ ಥರ್ಮಿಸ್ಟರ್, ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಅಷ್ಟೇ. ಇಸಿಯು 5 ವೋಲ್ಟ್ ಕಳಿಸಿ, ಅದರಲ್ಲಿ ಎಷ್ಟು ಉಳಿಯಿತು ಅಂತ ಓದಿಕೊಳ್ಳುತ್ತದೆ.

ಇದು ಕೆಟ್ಟು ಗಾಳಿ ಸಿಕ್ಕಾಪಟ್ಟೆ ತಂಪು ಅಂತ ಹೇಳತೊಡಗಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಸೈಲೆನ್ಸರ್ ಬಾಯಲ್ಲಿ ಕರಿ ಮಸಿ, ಅವರೇಜ್ ಕಡಿಮೆ. ಉಲ್ಟಾ ಆಗಿ ತುಂಬಾ ಬಿಸಿ ಅಂದರೆ ಪಿಕಪ್ ಸತ್ತಂತಾಗಿ ಕಾತ್ರಜ್ ಘಾಟಿ ಹತ್ತುವಾಗ ಗೊತ್ತಾಗುತ್ತದೆ. ಆದರೆ ಎಂಜಿನ್ ಬಿಸಿಯಾದ ಮೇಲೆ, ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಈ ತಪ್ಪನ್ನು ಸುಮಾರು ಸರಿತೂಗಿಸಿಬಿಡುತ್ತದೆ. ಹಾಗಾಗಿ ಎಷ್ಟೋ ಜನ ಲೈಟ್ ಉರಿಯುತ್ತಿದ್ದರೂ "ಗಾಡಿ ಓಡ್ತಾ ಇದೆಯಲ್ಲ" ಅಂತ ತಿಂಗಳುಗಟ್ಟಲೆ ಓಡಿಸುತ್ತಾರೆ.

ಈಗ ಕೆಲಸಕ್ಕೆ ಬರೋಣ. ಡಾಂಗಲ್ ಸಿಕ್ಕಿಸುವ ಪೋರ್ಟ್ ಸಾಮಾನ್ಯವಾಗಿ ಸ್ಟೀರಿಂಗಿನ ಕೆಳಗೆ ಇರುತ್ತದೆ. ಕೋಡ್ ಬರೆದಿಟ್ಟುಕೊಳ್ಳಿ, ಕೂಡಲೇ ಅಳಿಸಬೇಡಿ. ಪಿ0113 ಅಂದರೆ ವೋಲ್ಟೇಜ್ ಜಾಸ್ತಿ, ಎಲ್ಲೋ ದಾರಿ ಕಡಿದಿದೆ, ಇಸಿಯು ಅದನ್ನೇ ಮೈನಸ್ 40ರ ತಂಪು ಅಂತ ಓದಿಕೊಳ್ಳುತ್ತದೆ. ಪಿ0112 ಅಂದರೆ ವೋಲ್ಟೇಜ್ ಕಡಿಮೆ, ಎಲ್ಲೋ ಶಾರ್ಟ್ ಆಗಿದೆ. ಪಿ0111 ಅಂದರೆ ರೀಡಿಂಗ್ ಬರುತ್ತಿದೆ, ಆದರೆ ನಂಬುವಂತಿಲ್ಲ. ಪಿ0114 ಬಂದರೆ ಬಿಟ್ಟು ಬಿಟ್ಟು ಕಾಡುವ ಕೇಸ್, ಅದೇ ಎಲ್ಲಕ್ಕಿಂತ ತಲೆನೋವು. ಯಾವ ಕೋಡೂ "ಸೆನ್ಸರ್ ಬದಲಿಸು" ಅಂತ ಹೇಳುವುದಿಲ್ಲ ಅನ್ನುವುದನ್ನು ಗಮನಿಸಿ.

ಮುಂದಿನದು ನನಗೆ ಇಷ್ಟವಾದ ಪರೀಕ್ಷೆ, ಖರ್ಚೇ ಇಲ್ಲ. ಗಾಡಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು, ಎಂಜಿನ್ ಸ್ಟಾರ್ಟ್ ಮಾಡದೆ, ಇಗ್ನಿಷನ್ ಮಾತ್ರ ಆನ್ ಮಾಡಿ. ಗಾಳಿಯ ರೀಡಿಂಗು, ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ರೀಡಿಂಗು, ಹೊರಗಿನ ಹವೆ, ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕು. ಎರಡು ಮೂರು ಡಿಗ್ರಿ ಆಚೀಚೆ ಇದ್ದರೆ ಪರವಾಗಿಲ್ಲ. ಕೂಲಂಟ್ 22 ಅನ್ನುವಾಗ ಗಾಳಿ 38 ಅಂದರೆ ಸೆನ್ಸರ್ ಮೇಲೆ ಅನುಮಾನ ಸರಿ. ಮಧ್ಯಾಹ್ನ ಸ್ವಾರಗೇಟ್ ಟ್ರಾಫಿಕ್ಕಿನಲ್ಲಿ ನಿಂತು ನೋಡಿ 55 ಇದೆ ಅಂತ ಗಾಬರಿಯಾಗಬೇಡಿ, ಅದು ಬಾನೆಟ್ ಒಳಗಿನ ಕಾವು. ಖೇಡ್ ಶಿವಾಪುರದ ಕಡೆ ಹೈವೇಯಲ್ಲಿ ಓಡಿದರೆ ಇಳಿಯಬೇಕು. ಇಳಿಯದಿದ್ದರೆ ಮಾತ್ರ ಚಿಂತೆ.

ಇಗ್ನಿಷನ್ ಆಫ್ ಮಾಡಿ ಬಾನೆಟ್ ತೆಗೆಯಿರಿ. ಸೆನ್ಸರ್ ಏರ್ ಫಿಲ್ಟರ್ ಡಬ್ಬಿಯ ಮೇಲೋ, ಅಲ್ಲಿಂದ ಎಂಜಿನ್ನಿಗೆ ಹೋಗುವ ಪೈಪಿನ ಮೇಲೋ ಇರಬಹುದು. ಎಷ್ಟೋ ಗಾಡಿಗಳಲ್ಲಿ ಅದು ಬೇರೆಯಾಗಿ ಇರುವುದೇ ಇಲ್ಲ, ಗಾಳಿಯ ಪ್ರಮಾಣ ಅಳೆಯುವ ಏರ್ ಫ್ಲೋ ಸೆನ್ಸರ್ ಅಥವಾ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಒಳಗೇ ಸೇರಿಕೊಂಡಿರುತ್ತದೆ. ಲಾಕ್ ಒತ್ತಿ ಕನೆಕ್ಟರ್ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ಪಿನ್ ನೋಡಿ. ಮಳೆಗಾಲ ಕಂಡ ಗಾಡಿಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಆಮೇಲೆ ವೈರನ್ನು ಬೆರಳಲ್ಲಿ ಸವರುತ್ತಾ ಹಿಂದಕ್ಕೆ ಹೋಗಿ. ನನ್ನ ಗಾಡಿಯಲ್ಲಿ ಕನೆಕ್ಟರಿನಿಂದ ಎರಡು ಬೆರಳು ಹಿಂದೆ ಕರಿ ಟೇಪಿನ ಅಡಿಯಲ್ಲಿ ಇಲಿ ಹಲ್ಲು ಹಾಕಿತ್ತು. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಟೇಪ್ ಬಿಚ್ಚಿದರೆ ತಾಮ್ರದ ಒಂದೇ ಒಂದು ಎಳೆ ಉಳಿದಿತ್ತು, ಅದೂ ಒಮ್ಮೆ ತಾಗುತ್ತಿತ್ತು, ಒಮ್ಮೆ ಇಲ್ಲ. ಗ್ಯಾರೇಜಿನವರು ಹೊಸ ಸೆನ್ಸರ್ ಹಾಕುವಾಗ ವೈರ್ ಅಲ್ಲಾಡಿ ತಾಗಿದೆ, ಮೂರು ದಿನ ನಡೆದಿದೆ.

ಕಣ್ಣಿಗೆ ಏನೂ ಕಾಣದಿದ್ದರೆ ಮಲ್ಟಿಮೀಟರ್ ತೆಗೆಯಿರಿ. 20 ಕಿಲೋಓಮ್ ರೇಂಜಿನಲ್ಲಿಟ್ಟು ಸೆನ್ಸರಿನ ಎರಡು ಪಿನ್ ಮಧ್ಯೆ ಅಳೆಯಿರಿ. ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2.5 ಕಿಲೋಓಮ್, 40 ಡಿಗ್ರಿಗೆ ಅದರ ಅರ್ಧಕ್ಕೂ ಸ್ವಲ್ಪ ಕಡಿಮೆ, 80ಕ್ಕೆ 300 ಓಮ್ ಆಸುಪಾಸು ಬರುತ್ತದೆ. ನಿಮ್ಮ ಗಾಡಿಯ ಪಕ್ಕಾ ಲೆಕ್ಕ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಮೀಟರ್ ಹಚ್ಚಿಕೊಂಡೇ ಹೇರ್ ಡ್ರೈಯರ್ ದೂರದಿಂದ ಹಿಡಿಯಿರಿ. ಅಂಕಿ ನಿಧಾನವಾಗಿ, ಒಂದೇ ಸಮ ಇಳಿಯಬೇಕು. ಜಿಗಿದಾಡಿದರೆ ಅಥವಾ ಅಲುಗಾಡದೆ ನಿಂತರೆ ಸೆನ್ಸರ್ ಹೋಗಿದೆ. ಲೈಟರ್ ಗೀಟರ್ ಹಿಡಿಯಬೇಡಿ, ಪ್ಲಾಸ್ಟಿಕ್ ಕರಗುತ್ತದೆ.

ಇನ್ನು ವೈರಿನ ಸರದಿ. ಕನೆಕ್ಟರ್ ಬಿಚ್ಚಿಟ್ಟೇ ಇಗ್ನಿಷನ್ ಆನ್ ಮಾಡಿ. ಆ್ಯಪ್‌ನಲ್ಲಿ ಮೈನಸ್ 40 ಬರಬೇಕು, ಒಂದು ಪಿನ್ನಿನಲ್ಲಿ 5 ವೋಲ್ಟ್ ಹತ್ತಿರ ಸಿಗಬೇಕು. ಈಗ ಕನೆಕ್ಟರಿನ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದರೆ ರೀಡಿಂಗ್ ನೂರು ದಾಟಿ ಹಾರಬೇಕು. ಹಾರಿದರೆ ವೈರೂ ಇಸಿಯುವೂ ಸರಿ ಇವೆ, ದೋಷ ಸೆನ್ಸರಿನದ್ದು. ಮೈನಸ್ 40ರಲ್ಲೇ ಕೂತರೆ ವೈರ್ ಕಡಿದಿದೆ. ಮೊದಲಿನಿಂದಲೂ ವಿಪರೀತ ಬಿಸಿ ತೋರಿಸುತ್ತಿದ್ದರೆ ಕನೆಕ್ಟರ್ ಬಿಚ್ಚಿ ನೋಡಿ ಸಾಕು. ರೀಡಿಂಗ್ ಕೆಳಗಿಳಿದರೆ ಸೆನ್ಸರ್ ಒಳಗೆ ಶಾರ್ಟ್, ಇಳಿಯದಿದ್ದರೆ ವೈರ್ ಶಾರ್ಟ್. ಕೆಲವು ಗಾಡಿಗಳು ಕೋಡ್ ಬಿದ್ದ ಮೇಲೆ ನಿಜವಾದ ಅಂಕಿ ಬಿಟ್ಟು ತಮ್ಮದೇ ಒಂದು ಅಂಕಿ ತೋರಿಸುತ್ತವೆ. ಆಗ ವೋಲ್ಟೇಜನ್ನೇ ನಂಬಿ.

ಎರಡು ಎಚ್ಚರಿಕೆ. ಈ ಪಿನ್ ಸೇರಿಸುವ ಆಟ ಎರಡೇ ಪಿನ್ ಇರುವ ಸೆನ್ಸರಿಗೆ ಮಾತ್ರ. ನಾಲ್ಕೈದು ಪಿನ್ ಇದ್ದರೆ ತಪ್ಪು ಪಿನ್ ಸೇರಿಸಿ ಇಸಿಯು ಸುಟ್ಟುಕೊಂಡೀರಿ. ಅಲ್ಲಿ ವೈರಿಂಗ್ ಚಿತ್ರ ಇಲ್ಲದೆ ಕೈ ಹಾಕಬೇಡಿ. ಎರಡನೆಯದು, ದಪ್ಪ ಪಿನ್ನು, ಸೇಫ್ಟಿ ಪಿನ್ನು ತುರುಕಿದರೆ ಕನೆಕ್ಟರಿನ ಹಿಡಿತ ಸಡಿಲವಾಗಿ ಹೊಸ ತೊಂದರೆ ಶುರುವಾಗುತ್ತದೆ. ತೆಳ್ಳಗಿನ ವೈರ್ ಸಾಕು. ಗಾಡಿ ವಾರಂಟಿಯಲ್ಲಿದ್ದರೆ ವೈರ್ ಕತ್ತರಿಸಲೇಬೇಡಿ.

ಬಿಟ್ಟು ಬಿಟ್ಟು ಬರುವ ತೊಂದರೆಯಾದರೆ ಎಂಜಿನ್ ಓಡುತ್ತಿರುವಾಗ ಒಬ್ಬರು ಆ್ಯಪ್ ನೋಡಲಿ, ಇನ್ನೊಬ್ಬರು ಫ್ಯಾನು, ಬೆಲ್ಟಿನಿಂದ ಕೈ ದೂರ ಇಟ್ಟು ವೈರನ್ನು ಮೆಲ್ಲಗೆ ಅಲ್ಲಾಡಿಸಲಿ. ರೀಡಿಂಗ್ ಜಿಗಿದ ಜಾಗವೇ ಜಾಗ. ಸೆನ್ಸರ್ ತುದಿ ಎಣ್ಣೆ ಜಿಡ್ಡಿನಿಂದ ಕಪ್ಪಾಗಿದ್ದರೆ ಏರ್ ಫ್ಲೋ ಸೆನ್ಸರ್ ಕ್ಲೀನರ್ ಸ್ಪ್ರೇ ಹೊಡೆದು, ಪೂರ್ತಿ ಒಣಗಿಸಿ ಹಾಕಿ. ಬದಲಿಸಲೇಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ನಾನಾ ಪೇಠ್‌ಗೆ ಹೋಗಿ, ಪಾರ್ಟ್ ನಂಬರ್ ತಾಳೆ ನೋಡಿ ತನ್ನಿ. ಪ್ಲಗ್ ಕೂತಿತು ಅಂದ ಮಾತ್ರಕ್ಕೆ ಸೆನ್ಸರ್ ಅದೇ ಅಂತ ಅಲ್ಲ.

ನಮ್ಮ ಮಿಸ್ತ್ರಿ ವೈರಿಗೆ ಸೋಲ್ಡರ್ ಹಾಕಿ, ಮೇಲೆ ಸ್ಲೀವ್ ಎಳೆದು ಬಿಸಿ ಮಾಡಿ ಕೂರಿಸಿದರು, ಕೋಡ್ ಅಳಿಸಿದರು. ಮಾರನೇ ದಿನ ಬೆಳಿಗ್ಗೆ ಗಾಳಿ 25, ಕೂಲಂಟ್ 26. ಗ್ಯಾರೇಜಿನವರು ತೆಗೆದುಕೊಟ್ಟ ಹಳೆ ಸೆನ್ಸರ್ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಬಿದ್ದಿತ್ತು. ಸುಮ್ನೆ ಇರಲಿ ಅಂತ ಮೀಟರ್ ಹಚ್ಚಿ, ಡ್ರೈಯರ್ ಹಿಡಿದು ನೋಡಿದೆ. ಅಂಕಿ ಒಂದೇ ಸಮ ಇಳಿಯಿತು, ಏನೂ ಆಗಿರಲಿಲ್ಲ ಅದಕ್ಕೆ.