ಎರಡನೆಯ ಆಯ್ಕೆಯ ಬೆನ್ನು ಹತ್ತಿ: ಅಯೋವಾ ಕಾಕಸ್‌ನಲ್ಲಿ ನನ್ನ ಅನುಭವ

2008ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬ ಪೈಪೋಟಿಯ ಮೊದಲ ಸುತ್ತು ಅಯೋವಾ ರಾಜ್ಯದ ಕಾಕಸ್‌ನಲ್ಲಿ, ಅಂದರೆ ಪಕ್ಷದ ಬೆಂಬಲಿಗರು ತಮ್ಮ ತಮ್ಮ ಬಡಾವಣೆಯಲ್ಲಿ ಸೇರಿ ಅಭ್ಯರ್ಥಿಯ ಆಯ್ಕೆ ತಿಳಿಸುವ ಸಭೆಗಳಲ್ಲಿ, ನಡೆದಾಗ, ನಾನು ಬರಾಕ್ ಒಬಾಮಾ ಪರವಾಗಿ ನಮ್ಮ ಪ್ರಿಸಿಂಕ್ಟ್‌ನ (ಚುನಾವಣೆಗಾಗಿ ವಿಂಗಡಿಸಿದ ಅತಿ ಚಿಕ್ಕ ಪ್ರದೇಶದ) ಕ್ಯಾಪ್ಟನ್ ಆಗಿ ಕೆಲಸ ಮಾಡಿದೆ. ಹೆಸರು ದೊಡ್ಡದಾದರೂ, ಅದು ನಮ್ಮೂರಿನ ಬೂತ್ ಮಟ್ಟದ ಕಾರ್ಯಕರ್ತನ ಕೆಲಸವೇ. ಆದರೆ ಟಿಕೆಟ್ ಯಾರಿಗೆಂಬುದನ್ನು ಹೈಕಮಾಂಡ್ ತೀರ್ಮಾನಿಸುವ, ಬಿ ಫಾರ್ಮ್ ಕೈಗೆ ಬರುವವರೆಗೆ ಯಾರಿಗೂ ಖಾತರಿಯಿಲ್ಲದ ರಾಜಕೀಯವನ್ನು ನೋಡುತ್ತ ಬೆಳೆದ ನನಗೆ, ಅದೇ ತೀರ್ಮಾನ ಇಲ್ಲಿ ಶಾಲೆಯೊಂದರ ಊಟದ ಹಾಲ್‌ನಲ್ಲಿ ಅಕ್ಕಪಕ್ಕದ ಮನೆಯವರ ಕೈಯಿಂದ ಆರಂಭವಾಗುತ್ತದೆಂಬುದು ತಲೆಗೆ ಇಳಿಯಲು ಸಮಯ ಹಿಡಿಯಿತು.

ಡೆಮಾಕ್ರಟರ ಕಾಕಸ್‌ನಲ್ಲಿ ಆಗ ಮತಪತ್ರವಿರಲಿಲ್ಲ. ಸಂಜೆ ಸಭೆ ಸೇರಿ, ಹೆಸರು ನೋಂದಾಯಿಸಿದವರೆಲ್ಲ ತಮ್ಮ ತಮ್ಮ ಅಭ್ಯರ್ಥಿಯ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಬೇಕಿತ್ತು. ಬಹುತೇಕ ಪ್ರಿಸಿಂಕ್ಟ್‌ಗಳಲ್ಲಿ, ಸೇರಿದವರ ಪೈಕಿ ಶೇ 15ರಷ್ಟು ಜನ ನಿಲ್ಲದ ಗುಂಪು ಅನರ್ಹವಾಗುತ್ತಿತ್ತು. ಅದರಲ್ಲಿದ್ದವರು ಬೇರೆ ಗುಂಪನ್ನು ಸೇರಬಹುದಿತ್ತು, ತಮ್ಮಂತೆಯೇ ಸೋತ ಇನ್ನೊಂದು ಗುಂಪಿನೊಂದಿಗೆ ಕೂಡಿ ಲೆಕ್ಕ ಮುಟ್ಟಿಸಬಹುದಿತ್ತು, ಇಲ್ಲವೇ ಮನೆಗೆ ಹೋಗಬಹುದಿತ್ತು. ಹಿಲರಿ ಕ್ಲಿಂಟನ್, ಜಾನ್ ಎಡ್ವರ್ಡ್ಸ್ ಮತ್ತು ಒಬಾಮಾ ಮುಂಚೂಣಿಯಲ್ಲಿದ್ದ ಆ ವರ್ಷ ಬಿಲ್ ರಿಚರ್ಡ್ಸನ್, ಜೋ ಬೈಡನ್, ಕ್ರಿಸ್ ಡಾಡ್ ಅವರ ಬೆಂಬಲಿಗರು ಬಹಳ ಕಡೆ ಈ ಗಡಿ ಮುಟ್ಟಲಾರರೆಂಬುದು ಎಲ್ಲ ಪಾಳೆಯಗಳಿಗೂ ಗೊತ್ತಿತ್ತು. ಹಾಗಾಗಿ ನನ್ನ ಮಟ್ಟಿಗೆ ಪೈಪೋಟಿಯ ತಿರುಳು ಇದ್ದದ್ದು ಜನರ ಎರಡನೆಯ ಆಯ್ಕೆಯಲ್ಲಿ.

ಮನೆಮನೆಗೆ ಹೋಗುವಾಗ ನಮ್ಮ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಒಂದರಿಂದ ಐದರವರೆಗೆ ಅಂಕ ಹಾಕಬೇಕಿತ್ತು. ಒಂದು ಎಂದರೆ ಗಟ್ಟಿ ಬೆಂಬಲಿಗ, ಐದು ಎಂದರೆ ಕಟ್ಟಾ ವಿರೋಧಿ. ನಾನು ಆ ಅಂಕದ ಪಕ್ಕದಲ್ಲಿ ಇನ್ನೊಂದು ಹೆಸರನ್ನೂ ಬರೆದುಕೊಳ್ಳುತ್ತಿದ್ದೆ: ಅವರ ಅಭ್ಯರ್ಥಿ ಆ ರಾತ್ರಿ ಅನರ್ಹನಾದರೆ ಅವರು ಎಲ್ಲಿಗೆ ಹೋಗುತ್ತಾರೆ ಎಂಬುದು. ಇದನ್ನು ನೇರವಾಗಿ ಕೇಳಿದರೆ, ನಿಮ್ಮವನು ಸೋಲುತ್ತಾನೆ ಎಂದು ಬಾಗಿಲಲ್ಲೇ ಹೇಳಿದ ಹಾಗಾಗುತ್ತದೆ. ಬೈಡನ್ ಅವರ ವಿದೇಶಾಂಗ ಅನುಭವವನ್ನು ಮೆಚ್ಚಿದ್ದ, ನಿವೃತ್ತ ರೈತರೊಬ್ಬರ ಅಡುಗೆಮನೆಯ ಮೇಜಿನ ಮುಂದೆ ಕುಳಿತು ನಾನು ಮಾಡಿದ್ದು ಇಷ್ಟೇ: ಬೈಡನ್ ಬಗ್ಗೆ ಅವರು ಹೇಳಿದ್ದನ್ನೆಲ್ಲ ಕೇಳಿ, ಆ ಮೇಲೆ, “ಬೈಡನ್ ಸ್ಪರ್ಧೆಯಲ್ಲೇ ಇರದಿದ್ದರೆ ನೀವು ಯಾರನ್ನು ನೋಡುತ್ತಿದ್ದಿರಿ, ಸರ್?” ಎಂದೆ. ಅವರು ನಕ್ಕು, ಕ್ಲಿಂಟನ್ ಅವರ ಭಿತ್ತಿಪತ್ರವನ್ನು ಕಿಟಕಿಗೆ ಅಂಟಿಸಿದ್ದ ಹೆಂಡತಿಯ ಕಡೆ ನೋಡಿ, “ಇವಳ ಮುಂದೆ ಹೇಳಬೇಕೇ?” ಎಂದರು. ನಾನು ಉತ್ತರಕ್ಕೆ ಒತ್ತಾಯಿಸಲಿಲ್ಲ. ಒಬಾಮಾ ಇರಾಕ್ ಯುದ್ಧವನ್ನು 2002ರಲ್ಲೇ ವಿರೋಧಿಸಿ ಮಾತನಾಡಿದ್ದರೆಂಬ ಕರಪತ್ರವನ್ನು ಮೇಜಿನ ಮೇಲಿಟ್ಟು ಬಂದೆ.

ಒಂದೇ ಪಕ್ಷದೊಳಗಿನ ಸ್ಪರ್ಧೆಯಲ್ಲಿ ನೀತಿಗಳ ಅಂತರ ಕಡಿಮೆ. ಆ ಚಳಿಗಾಲದಲ್ಲಿ ಸ್ಪಷ್ಟವಾಗಿ ತೋರಿಸಬಹುದಾಗಿದ್ದ ವ್ಯತ್ಯಾಸಗಳು ಮುಖ್ಯವಾಗಿ ಎರಡು. ಇರಾಕ್ ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯಕ್ಕೆ ಸೆನೆಟ್‌ನಲ್ಲಿ ಕ್ಲಿಂಟನ್ ಮತ್ತು ಎಡ್ವರ್ಡ್ಸ್ ಇಬ್ಬರೂ ಮತ ಹಾಕಿದ್ದರು; ಆಗ ಇಲಿನಾಯ್ ರಾಜ್ಯದ ಶಾಸಕರಾಗಿದ್ದ ಒಬಾಮಾ ವಿರೋಧಿಸಿದ್ದರು. ಆರೋಗ್ಯ ವಿಮೆಯನ್ನು ಪ್ರತಿಯೊಬ್ಬರಿಗೂ ಕಡ್ಡಾಯ ಮಾಡಬೇಕೆಂದು ಕ್ಲಿಂಟನ್ ಹೇಳುತ್ತಿದ್ದರೆ, ಒಬಾಮಾ ಯೋಜನೆಯಲ್ಲಿ ಕಡ್ಡಾಯವಿದ್ದದ್ದು ಮಕ್ಕಳಿಗೆ ಮಾತ್ರ. (ಗೆದ್ದ ಮೇಲೆ 2010ರಲ್ಲಿ ಅವರು ಸಹಿ ಹಾಕಿದ ಕಾನೂನಿನಲ್ಲಿ ದೊಡ್ಡವರಿಗೂ ಕಡ್ಡಾಯವಿತ್ತು, ಕ್ಲಿಂಟನ್ ಪರ ವಾದಿಸಿದ್ದ ನೆರೆಯವರು ಅದನ್ನು ನನಗೆ ನೆನಪಿಸದೆ ಬಿಡಲಿಲ್ಲ.) ಉಳಿದದ್ದೆಲ್ಲ ಅನುಭವವೋ ಬದಲಾವಣೆಯೋ ಎಂಬ ವಾದ. ಅಂತರ ಇಷ್ಟು ಸಣ್ಣದಿದ್ದಾಗ ಎದುರಾಳಿಯ ವ್ಯಕ್ತಿತ್ವದ ಮೇಲೆ ಮಾತು ಹೊರಳುವುದು ಸುಲಭ. ನಾನು ನನ್ನ ಜೊತೆಗಿದ್ದ ಕಾಲೇಜು ಹುಡುಗರಿಗೆ ಇದೊಂದನ್ನು ಖಡಾಖಂಡಿತವಾಗಿ ನಿಷೇಧಿಸಿದ್ದೆ, ಸೌಜನ್ಯಕ್ಕಿಂತ ಹೆಚ್ಚಾಗಿ ಲೆಕ್ಕಾಚಾರಕ್ಕಾಗಿ. ಇಂದು ಜರೆಸಿಕೊಂಡವರ ಬೆಂಬಲಿಗರನ್ನೇ ನಾವು ಕಾಕಸ್‌ನ ರಾತ್ರಿ ಕೈಹಿಡಿದು ಕರೆಯಬೇಕಾಗಿತ್ತು.

ಜನವರಿ 3ರ ರಾತ್ರಿ ಹಾಲ್ ಕಿಕ್ಕಿರಿದಿತ್ತು. ಮೊದಲ ಎಣಿಕೆಯಾಗುತ್ತಿದ್ದಂತೆ ಕ್ಯಾಪ್ಟನ್‌ಗಳೆಲ್ಲ ಕ್ಯಾಲ್‌ಕ್ಯುಲೇಟರ್ ಹಿಡಿದರು. ಆ ಲೆಕ್ಕವನ್ನು ಹೀಗೆ ವಿವರಿಸಬಹುದು. ಸಭೆಯಲ್ಲಿ 200 ಜನ, ಪಕ್ಷದ ಕೌಂಟಿ (ಜಿಲ್ಲಾ) ಸಮಾವೇಶಕ್ಕೆ ಆರಿಸಬೇಕಾದ ಪ್ರತಿನಿಧಿಗಳು 6 ಎಂದಿಟ್ಟುಕೊಳ್ಳಿ. 80 ಜನರಿರುವ ಗುಂಪಿನ ಪಾಲು 2.4, ಅಂದರೆ ಇಬ್ಬರು ಪ್ರತಿನಿಧಿಗಳು. ಅಲ್ಲಿಗೆ ನಾಲ್ವರು ಬಂದರೆ ಪಾಲು 2.52 ಆಗಿ ಮೂರಕ್ಕೆ ಏರುತ್ತದೆ. ಅದೇ 95 ಜನರಿರುವ ಗುಂಪಿಗೂ ಸಿಗುವುದು ಮೂವರೇ, ಹನ್ನೊಂದು ಜನ ಹೆಚ್ಚುವರಿ. ಇಂಥ ಹೆಚ್ಚುವರಿಯವರನ್ನು ಸೊರಗಿದ ಗುಂಪಿಗೆ ಕಳಿಸಿ ಅದನ್ನು ಅರ್ಹಗೊಳಿಸಿದರೆ, ಆ ಸೊರಗಿದ ಗುಂಪಿನವರು ಪ್ರಬಲ ಎದುರಾಳಿಯ ಕಡೆ ಹೋಗುವುದು ತಪ್ಪುತ್ತದೆ. ಹಳೆಯ ಕ್ಯಾಪ್ಟನ್‌ಗಳು ಇದರಲ್ಲಿ ಪಳಗಿದವರು. ನಮಗೆ ಅಂದು ಹೆಚ್ಚುವರಿಯ ಭಾಗ್ಯವಿರಲಿಲ್ಲ, ಬೇಕಾದದ್ದು ಕೆಲವೇ ಜನ. ಹಾಗಾಗಿ ಇಡೀ ಹಾಲ್‌ಗೆ ಭಾಷಣ ಮಾಡುವ ಬದಲು, ಪಟ್ಟಿಯಲ್ಲಿ ಎರಡನೆಯ ಹೆಸರು ನಮ್ಮದಾಗಿದ್ದವರ ಬಳಿಗೆ ಅವರ ಪರಿಚಯದವರನ್ನೇ ಕಳಿಸಿದೆ. ರಿಚರ್ಡ್ಸನ್ ಗುಂಪಿನ ಶಿಕ್ಷಕಿಯನ್ನು ಅವರ ಹಳೆಯ ವಿದ್ಯಾರ್ಥಿನಿಯೇ ಮಾತನಾಡಿಸಿದಳು; ನವೆಂಬರ್ ಚುನಾವಣೆಯೊಳಗೆ 18 ತುಂಬುವವರಿಗೆ ಕಾಕಸ್‌ನಲ್ಲಿ ಅವಕಾಶವಿದ್ದುದರಿಂದ ಅವಳು 17ಕ್ಕೇ ಅಲ್ಲಿದ್ದಳು. ಬೈಡನ್ ಗುಂಪಿನ ನಮ್ಮ ರೈತರು ಯಾರ ಒತ್ತಾಯವೂ ಇಲ್ಲದೆ ನಮ್ಮ ಕಡೆ ನಡೆದು ಬಂದರು. ಎದುರಿನ ಗೋಡೆಯ ಬಳಿ ಕ್ಲಿಂಟನ್ ಗುಂಪಿನಲ್ಲಿದ್ದ ಅವರ ಹೆಂಡತಿ ಗದರುವಂತೆ ಬೆರಳಾಡಿಸಿದರು.

ರಾಜ್ಯಮಟ್ಟದಲ್ಲಿ ಒಬಾಮಾ ಸುಮಾರು ಶೇ 38 ಪಡೆದರು. ಎರಡನೆಯ ಸ್ಥಾನ ಕೂದಲೆಳೆಯ ಅಂತರದಲ್ಲಿ ಎಡ್ವರ್ಡ್ಸ್ ಪಾಲಾಗಿ, ಕ್ಲಿಂಟನ್ ಮೂರನೆಯವರಾದರು. ಬೈಡನ್ ಮತ್ತು ಡಾಡ್ ಅದೇ ರಾತ್ರಿ ಕಣದಿಂದ ಹಿಂದೆ ಸರಿದರು. ಐದು ದಿನಗಳಲ್ಲೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕ್ಲಿಂಟನ್ ಗೆದ್ದು, ಪೈಪೋಟಿ ಜೂನ್‌ವರೆಗೆ ಎಳೆಯಿತು. ಜೂನ್ 7ರಂದು ಅವರು ಸ್ಪರ್ಧೆ ನಿಲ್ಲಿಸಿ ಒಬಾಮಾಗೆ ಬೆಂಬಲ ಘೋಷಿಸಿದ ಮೇಲೆ, ನಮ್ಮ ಪ್ರಿಸಿಂಕ್ಟ್‌ನ ಕ್ಲಿಂಟನ್ ಕ್ಯಾಪ್ಟನ್‌ಗೆ ನಾನು ಫೋನ್ ಮಾಡಿದೆ. ಅವರು ಒಂದು ವಾರ ಸಮಯ ಕೇಳಿದರು. ಆಮೇಲೆ ತಮ್ಮ ಕಡೆಯವರ ಮನೆಗಳಿಗೆ ನನ್ನನ್ನು ತಾವೇ ಕರೆದೊಯ್ದರು. ಚಳಿಗಾಲದಲ್ಲಿ ಆ ಬಾಗಿಲುಗಳಲ್ಲಿ ನಾವು ಕೆಟ್ಟ ಮಾತಾಡಿರದಿದ್ದುದರಿಂದ ಒಳಗೆ ಕೂರಿಸಿ ಕಾಫಿ ಕೊಟ್ಟರು. ಆ ನವೆಂಬರ್‌ನಲ್ಲಿ ಒಬಾಮಾ ಅಯೋವಾವನ್ನು ಗೆದ್ದರು.

2024ರಲ್ಲಿ ಅಯೋವಾ ಡೆಮಾಕ್ರಟರು ಗುಂಪುಗೂಡಿ ನಿಲ್ಲುವ ಪದ್ಧತಿಯನ್ನು ಕೈಬಿಟ್ಟು, ಅಂಚೆಯ ಮೂಲಕ ಆಯ್ಕೆ ಚೀಟಿ ಕಳಿಸುವ ಕ್ರಮಕ್ಕೆ ಬಂದರು. ಪಾಳಿ ಕೆಲಸದವರಿಗೂ ಪುಟ್ಟ ಮಕ್ಕಳ ತಾಯಂದಿರಿಗೂ ಇದು ನ್ಯಾಯವೇ. ಆದರೆ ಹಾಗೆ ಕಳಿಸುವ ಚೀಟಿಯಲ್ಲಿ ಒಂದೇ ಹೆಸರಿದ್ದರೆ, ಎದುರಾಳಿಯ ಬೆಂಬಲಿಗನ ಮನೆಯಲ್ಲಿ ಅರ್ಧ ಗಂಟೆ ಕೂರಲು ಕ್ಯಾಪ್ಟನ್‌ಗೆ ಕಾರಣ ಉಳಿಯುವುದಿಲ್ಲವೆಂಬುದು ನನ್ನ ತಕರಾರು.